ಬಲಗಿವಿಯ ಕಡಲು

ಬಸ್ಸಿನ ಎಂಜಿನ್ ಸದ್ದು ಬಲಗಡೆಯಿಂದ ಮಾತ್ರ ಬರುತ್ತಿದೆ, ಎಡಗಡೆ ಹತ್ತಿ ತುರುಕಿದಂತೆ, ಹಗರಿಬೊಮ್ಮನಹಳ್ಳಿ ಹಿಂದೆ ಬಿತ್ತು, ಕಿಟಕಿಯಾಚೆ ಮೆಕ್ಕೆಜೋಳ ಓಡುತ್ತಿದೆ, ಗಂಗಾಂಬಿಕಾ ಕಣ್ಣು ಮುಚ್ಚಿದಳು — ಎಡಗಿವಿ ಹೋಗೇತ್ರಿ ಮೇಡಂ, ಬಲಗಿವಿ ಚಲೋ ಐತಿ, ಡಾಕ್ಟರು ಬೆಳಿಗ್ಗೆ ಹೇಳಿದ್ದು, ಕೇಳಿ ಅಳು ಬರಲಿಲ್ಲ, ಬರಬೇಕಿತ್ತೇನೋ, ನೀರಿನೊಳಗೆ ಮೈಕು ಇಳಿಬಿಟ್ಟು ಆಯುಷ್ಯವೆಲ್ಲ ತಿಮಿಂಗಿಲಗಳ ದನಿ ಕೇಳಿದ ಕಿವಿ ಅದು, ಕೊಟ್ಟೂರಿನ ಎಣ್ಣೆ ಮಿಲ್ಲಿನ ಮನೆಯ ಮಗಳು ಕಡಲಿಗೆ ಹೊರಟಾಗ ಅಪ್ಪ ನಕ್ಕಿದ್ದ, ನಮ್ಮ ಕೆರಿಗೇ ನೀರಿಲ್ಲ, ನಿನಗ ಸಮುದ್ರ ಬೇಕಾತೇನು, ಬೇಕಾಗಿತ್ತಪ್ಪಾ, ದ್ವೀಪ ಬೇಕಾಗಿತ್ತು, ಕಾಡು ಬೇಕಾಗಿತ್ತು, ಮರದ ನಾರಿನ ಬಟ್ಟೆ ಉಟ್ಟ ದ್ವೀಪದವರ ಒಲೆಯ ಮುಂದೆ ಕೂತು ಅವರ ಮಾತನ್ನು ಮಗುವಿನಂತೆ ತೊದಲಬೇಕಾಗಿತ್ತು, ತೊದಲಿದಳು, ಕಲಿತಳು, ಆ ಭಾಷೆಯಲ್ಲೇ ಜಗಳವಾಡಿದಳು — ತಮ್ಮ ಸೋಮಶೇಖರ ನಿನ್ನೆ ಅಂದಿದ್ದ, ಸಾಕು ಬಿಡಕ್ಕ, ಅರವತ್ತೈದಾತು, ದೋಣ್ಯಾಗ ಬಿದ್ದರ ಯಾರು ಎತ್ತಬೇಕು, ಪ್ರೀತಿಯ ಮಾತೇ, ಆದರೆ ಅವಳೆಷ್ಟು ಸಲ ಬಿದ್ದು ತಾನೇ ಎದ್ದಿದ್ದಾಳೆಂದು ಅವನಿಗೇನು ಗೊತ್ತು — ಪಕ್ಕದ ಸೀಟಿನ ಪಕ್ಕೀರಮ್ಮ, ಕುರಿ ಸಾಕುವಾಕೆ, ಬಲಗಿವಿಗೆ ಬಾಗಿ ಕೇಳುತ್ತಿದ್ದಾಳೆ, ನಿಮ್ದೇನ್ ಕೆಲಸರಿ, ತಿಮಿಂಗಿಲ ನೋಡೋದವ್ವ, ಮೀನೇನ್ರಿ ಅದು, ಮೀನಲ್ಲ, ಮರಿ ಹಾಕಿ ಹಾಲು ಕುಡಿಸ್ತೈತಿ, ಅಯ್ಯ, ಹಂಗಾರ ನಮ್ಮ ಕುರಿ ಇದ್ದಂಗ ಬಿಡ್ರಿ, ಇಬ್ಬರೂ ನಕ್ಕರು, ಎಂಥ ನಗು, ಹೊಟ್ಟೆ ನೋಯುವಷ್ಟು — ಫೋನು ನಡುಗಿತು, ರೇಣುಕಾ, ಕೈಕೆಳಗೆ ಕಲಿತ ಹುಡುಗಿ, ಈಗ ಅವಳೇ ತಂಡದ ಯಜಮಾನಿ, ಮೇಡಂ, ಮುಂದಿನ ವಾರ ದ್ವೀಪಕ್ಕ ದೋಣಿ ಹೊಂಡ್ತೈತಿ, ಬರ್ತೀರೋ ಇಲ್ಲೋ, ನನ್ನ ಎಡಗಿವಿ ಹೋಗೇತಿ ರೇಣುಕಾ, ಎಡಬದಿಗೆ ನೀ ಕೂಡು, ಬಲಬದಿ ನಂದು, ಬರ್ತೀನಿ — ಆಯಿತು, ಹೇಳಿಬಿಟ್ಟಳು, ಎಷ್ಟು ಸಲೀಸು, ಸೋಮಶೇಖರ ಮುಖ ಊದಿಸಿಕೊಳ್ಳುತ್ತಾನೆ, ಊದಿಸಿಕೊಳ್ಳಲಿ, ಆಮೇಲೆ ತಾನೇ ಶೇಂಗಾ ಹೋಳಿಗೆ ಕಟ್ಟಿಸಿಕೊಡುತ್ತಾನೆ, ಆ ದ್ವೀಪದ ಹೆಂಗಸರಿಗೆ ಅದೆಂದರೆ ಪ್ರಾಣ, ಹೊಟ್ಟೆಪಾಡಿಗೆ ತಿಮಿಂಗಿಲ ಹೊಡೆಯುವ ಜನ, ಮೊದಲ ವರ್ಷ ಅವರ ದೋಣಿಯಲ್ಲಿ ಅವಳೂ ಇದ್ದಳು, ಊರಿಗೆಲ್ಲ ಹಸಿವು, ಮಧ್ಯಾಹ್ನದ ಬಿಸಿಲು, ನೀರು ಕಪ್ಪಾಗುತ್ತದೆ, ಉಬ್ಬುತ್ತದೆ, ದೊಡ್ಡ ಬೆನ್ನು ಏಳುತ್ತದೆ, ಅದಕ್ಕೆ ಒತ್ತಿಕೊಂಡು ಮರಿ, ದೋಣಿಯ ತುದಿಯಲ್ಲಿ ನಿಂತ ಮುದುಕ ಈಟಿ ಎತ್ತಿದ್ದಾನೆ, ಹೊಡಿ ಎಂದು ಯಾರೂ ಅನ್ನುವುದಿಲ್ಲ, ಬೇಡ ಎಂದೂ ಅನ್ನುವುದಿಲ್ಲ, ಅವನು ಮರಿಯನ್ನು ನೋಡುತ್ತಿದ್ದಾನೆ, ಎಸೆಯಲಿಲ್ಲ, ಎಸೆಯಲೇ ಇಲ್ಲ, ಯಾವ ಕಡಲಿಗೆ ಹೋದರೂ ಅವಳ ಕಣ್ಣ ಮುಂದೆ ಬಂದು ನಿಲ್ಲುವುದು ಅದೊಂದೇ, ಬಿಸಿಲಿಗೆ ಎತ್ತಿ ಹಿಡಿದ ಆ ಕೈ, ಮೊಣಕೈಯಿಂದ ತೊಟ್ಟಿಕ್ಕುವ ಉಪ್ಪುನೀರು, ಎತ್ತಿದ ಕೈ, ಆ ಕೈ