ನೊಗದ ಮೇಲಿನ ಎಡೆ

ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ರಂಗಸ್ವಾಮಿ ತನ್ನ ಬೀದಿಗೆ ತಿರುಗುತ್ತಿದ್ದಂತೆ ಪಕ್ಕದ ಮನೆಯ ಸಣ್ಣತಾಯಮ್ಮ ಎದುರು ಬಂದು ಅವನ ಕೈಯಿಂದ ಕ್ಯಾನನ್ನು ಇಸಿದುಕೊಂಡಳು. ಯಾವತ್ತೂ ಬಾಯಿ ಮುಚ್ಚದ ಹೆಂಗಸು ಅವನ ಮುಖ ತಪ್ಪಿಸಿ ಅವನ ಮನೆಯ ಕಡೆ ನೋಡಿದಳು.

"ಏನಾಯ್ತಮ್ಮಿ?"

"ಅಕ್ಕ ದನಕ್ಕೆ ಉಲ್ಲಾಕ್ಬುಟ್ಟು ಬಂದು ಜಗಲಿ ಮ್ಯಾಲೆ ಕುಂತ್ಳು ಕಣಣ್ಣ. ಕಂಬಕ್ಕೆ ಒರಗ್ದಂಗೇ ಅವ್ಳೆ. ನಾನು ನೋಡ್ದೆ ಬಾಯ್ಬುಟ್ಕೊಂಡು ಮಾತಾಡ್ತಾನೇ ಇದ್ದೆ. ಕೇಳಿಸ್ಕೊತಾವ್ಳೆ ಅಂದ್ಕೊಂಡೆ."

ಅವನು ಹೋಗಿ ನೋಡಿದಾಗ ಹೆಂಡತಿ ಪುಟ್ಟಸಿದ್ದಮ್ಮ ಕಂಬಕ್ಕೆ ಒರಗಿಯೇ ಇದ್ದಳು. ಬಸ್ಸು ಬರುವುದು ತಡವಾದಾಗ ನಿಲ್ದಾಣದಲ್ಲಿ ಕೂರುತ್ತಿದ್ದಳಲ್ಲ, ಹಾಗೆ. ಸೆರಗಿನ ಮೇಲೆ ಒಂದು ಹುಲ್ಲುಕಡ್ಡಿ ಉಳಿದಿತ್ತು. ರಂಗಸ್ವಾಮಿ ಅದನ್ನು ತೆಗೆದು ಕೈಯಲ್ಲೇ ಹಿಡಿದುಕೊಂಡು ಪಕ್ಕದಲ್ಲಿ ಕುಳಿತ. ಮಗ ಶಶಿಕುಮಾರ ಗುಂಡ್ಲುಪೇಟೆಯ ಮಾರುಕಟ್ಟೆಗೆ ಹೊರಟವನು ಅರ್ಧ ದಾರಿಯಿಂದ ಹಿಂದಿರುಗಿ ಬಂದಾಗಲೂ ಕಡ್ಡಿ ಅವನ ಕೈಯಲ್ಲೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಶಾಮಿಯಾನ ಎದ್ದಿತ್ತು. ಹೆಂಗಸರು ಅರಿಶಿನ ಹಚ್ಚಿ ನೀರು ಹಾಕಿ, ಹಣೆಗೆ ಅಗಲವಾದ ಕುಂಕುಮವಿಟ್ಟು, ಮುಡಿ ತುಂಬ ಹೂ ಮುಡಿಸಿ ಅವಳನ್ನು ಬೆಂಚಿನ ಮೇಲೆ ಮಲಗಿಸಿದ್ದರು. ಎಲ್ಲ ಆಗಿತ್ತು. ತವರಿನ ಸೀರೆ ಮಾತ್ರ ಬಂದಿರಲಿಲ್ಲ. ಮದುವೆಯಾದ ಹೆಣ್ಣಿನ ಮೈಮೇಲೆ ತವರಿನವರು ಕೊನೆಯ ಸೀರೆ ಹೊದಿಸಿದ ಮೇಲೆಯೇ ಚಟ್ಟ ಎತ್ತುವುದು.

ರಂಗಸ್ವಾಮಿಯ ದೊಡ್ಡಪ್ಪನ ಮಗ ನಂಜುಂಡಪ್ಪ, ಆ ವಂಶಕ್ಕೆ ಹಿರಿಯ, ಕುರ್ಚಿ ಎಳೆದುಕೊಂಡು ಹತ್ತಿರ ಬಂದ.

"ಲೋ ರಂಗಸ್ವಾಮಿ, ಇವಳಿಗೆ ತೌರು ಅನ್ನೋದು ಎಲ್ಲದ್ಲಾ? ಸುಮ್ಕೆ ಕಾಯ್ತಾ ಕುಂತಿದ್ದೀಯ. ಅಂಗ್ಡಿಯಿಂದ ಒಂದು ಸೀರೆ ತರ್ಸು. ನಾನೇ ಅಣ್ಣ ಅಂದ್ಕೊಂಡು ಒದಿಸ್ತೀನಿ. ಬದುಕಿದ್ದಾಗ ನನ್ನ ಕಂಡ್ರೆ ಆಗ್ತಿರ್ನಿಲ್ಲ, ಈಗ ಬ್ಯಾಡ ಅನ್ನಕ್ಕಾಯ್ತದ?"

ಒಂದಿಬ್ಬರು ನಗು ನುಂಗಿಕೊಂಡರು.

"ಬ್ಯಾಡ ಅಂದವ್ಳೆ ಅಣ್ಣ," ಎಂದ ರಂಗಸ್ವಾಮಿ. "ಅಂಗ್ಡಿ ಸೀರೆ ತಂದು ತೌರ ಸೀರೆ ಅನ್ಬ್ಯಾಡಿ. ತೌರೋರು ತಂದ್ರೆ ಒದಿಸಿ, ಇಲ್ದಿದ್ರೆ ಉಟ್ಟ ಸೀರೇಲೇ ಮಣ್ಣು ಮಾಡಿ ಅಂದವ್ಳೆ."

"ಮುತ್ತೈದೇನ ಅಂಗೆ ಕಳಿಸ್ತಾರೇನ್ಲಾ? ಯಾರ್ಗಾದ್ರೂ ತಿಳಿಸಿದ್ದೀಯ?"

"ಉಮ್ಮತ್ತೂರಿಗೆ ಫೋನ್ ಮಾಡಿಸ್ದೆ."

"ಏನಂದ್ರು?"

"ಏನೂ ಅನ್ನಿಲ್ಲ. ಕಟ್ಟಾಯ್ತು."

ನಂಜುಂಡಪ್ಪ ಸುತ್ತಲಿದ್ದವರ ಮುಖ ನೋಡಿ ನಿಟ್ಟುಸಿರುಬಿಟ್ಟ. ಸಾವಿನ ಸುದ್ದಿಯನ್ನು ನಂಟರಿಗೆ ಮಾತ್ರ ಮುಟ್ಟಿಸುವುದು. ನಂಟರೋ ಅಲ್ಲವೋ ತಿಳಿಯದ ಮನೆಗಳಿಗೆ ಮುಟ್ಟಿಸಿದರೆ ಅದು ಸೀರೆ ಬೇಡಿದ ಹಾಗೆ. ಅದಕ್ಕೇ ರಂಗಸ್ವಾಮಿ ಒಂದು ಮನೆಗೆ ಬಿಟ್ಟು ಇನ್ನೆಲ್ಲಿಗೂ ಹೇಳಿಸಿರಲಿಲ್ಲ.

*

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ವರ್ಷವೇ ರಂಗಸ್ವಾಮಿಯ ತಂಗಿ ತೀರಿಕೊಂಡಿದ್ದಳು. ತವರಿನ ಸೀರೆ ಒಯ್ದವನು ಅವನೇ. ಗಂಡ ಹೆಂಡತಿ ಸೀರೆ ಹೊದಿಸಿ ಈಚೆ ಬರುವಾಗ ಗೋಡೆಯ ಮಗ್ಗುಲಲ್ಲಿ ಯಾರೋ ಹೇಳುತ್ತಿದ್ದರು: "ಇವಳಿಗೇನೋ ಅಣ್ಣ ತಂದ. ಅವನ ಎಂಡ್ತಿಗೆ ಯಾರವ್ವ ತತ್ತಾರೆ? ಬೀದೀಲಿ ಸಿಕ್ದೋಳಂಗೆ ಓಯ್ತಾಳೆ."

ಪುಟ್ಟಸಿದ್ದಮ್ಮ ಹಿಂದಿರುಗುವ ಬಸ್ಸಿನಲ್ಲಿ ಅಂದಳು: "ನಾನು ಬೀದೀಲಿ ಸಿಕ್ದೋಳಲ್ಲ. ಪುಟ್ಟಮಾದಯ್ಯನ ಮರಿಮಗಳು."

ಅವಳು ತೊಟ್ಟಿಲಲ್ಲಿದ್ದಾಗಲೇ ತಂದೆ ಸತ್ತಿದ್ದ. ಅಣ್ಣತಮ್ಮಂದಿರಿಲ್ಲ. ಉಡಿಗಾಲದ ಸೋದರಮಾವ ಸಾಕಿ, ಧಾರೆ ಎರೆದು, ಮಕ್ಕಳಿಲ್ಲದೆ ತೀರಿಹೋದ. ತಂದೆಯ ಕಡೆಯಿಂದ ಅವಳಿಗೆ ಉಳಿದದ್ದು ಅಜ್ಜಿ ಹೇಳುತ್ತಿದ್ದ ಒಂದು ಸಂಗತಿ ಮಾತ್ರ.

ಮಹಾರಾಜರ ಕಾಲದಲ್ಲಿ ಉಮ್ಮತ್ತೂರಿನ ಪುಟ್ಟಮಾದಯ್ಯ ಹೆಂಡತಿಯನ್ನೂ ಗಾಡಿಯ ತುಂಬ ಮಕ್ಕಳನ್ನೂ ಕರೆದುಕೊಂಡು ಗುಂಡ್ಲುಪೇಟೆಯನ್ನು ದಾಟಿ, ಗೋಪಾಲಸ್ವಾಮಿ ಬೆಟ್ಟದ ಬುಡದ ಕಾಡಿಗೆ ಹೋದನಂತೆ. ಅಲ್ಲಿ ಅವನಿಗಿಂತ ಮೊದಲು ಯಾರೂ ಒಕ್ಕಲು ಮಾಡಿರಲಿಲ್ಲ. ಮುಳ್ಳು ಕಡಿದು, ಕಲ್ಲು ಆಯ್ದು, ಬಾವಿ ತೋಡಿದ. ಮೊದಲ ಮಳೆ ಬೀಳುವ ಹೊತ್ತಿಗೆ ಹುಲಿ ಜೋಡೆತ್ತಿನಲ್ಲಿ ಒಂದನ್ನು ಹೊತ್ತೊಯ್ಯಿತು. ಉಳುವ ಹದ ತಪ್ಪಿದರೆ ಮಕ್ಕಳಿಗೆ ಅನ್ನವಿಲ್ಲ. ನೊಗದ ಖಾಲಿ ಮಗ್ಗುಲಿಗೆ ಪುಟ್ಟಮಾದಯ್ಯ ತನ್ನ ಹೆಗಲು ಕೊಟ್ಟ. ಹೆಂಡತಿ ನೇಗಿಲಿನ ಮೇಣಿ ಹಿಡಿದಳು. ಉಳಿದ ಎತ್ತಿನ ಜೊತೆ ತಾನೂ ಎತ್ತಾಗಿ ಆ ಹೊಲವನ್ನೆಲ್ಲ ಉತ್ತ. ಆ ವರ್ಷದ ರಾಗಿ ಅಷ್ಟೂ ಮಕ್ಕಳನ್ನು ಉಳಿಸಿತು. ಅಲ್ಲೊಂದು ಊರಾಯಿತು. ಮುಂದೆ ಚಳಿಜ್ವರ ಬಂದು ಆ ಊರು ಬರಿದಾಯಿತು. ಮಕ್ಕಳು ಮೊಮ್ಮಕ್ಕಳು ಕಾಲು ಎಳೆದ ಕಡೆಗೆ ಹೋದರು. ಕಾಡು ತನ್ನ ಜಾಗವನ್ನು ತಾನು ತೆಗೆದುಕೊಂಡಿತು.

ಸಾಯುವಾಗ ಅವನು ಅಂದನಂತೆ, "ಹಿರೀಕರ ಹಬ್ಬದಾಗೆ ನಂಗೆ ಅಂತ ಬ್ಯಾರೆ ಎಲೆ ಆಕ್ಬ್ಯಾಡಿ. ನೊಗದ ಮ್ಯಾಲೆ ಇಕ್ಕಿ. ನಾನೂ ಎತ್ತೂ ಅಂಚ್ಕೊಂಡು ಉಣ್ತೀವಿ."

ನಾದಿನಿಯ ಸಾವಿನ ಮನೆಯಿಂದ ಬಂದ ಮೇಲೆ ಪುಟ್ಟಸಿದ್ದಮ್ಮ ತನ್ನ ವಂಶದವರನ್ನು ಹುಡುಕಹೊರಟಳು. ಆದರೆ ಪುಟ್ಟಮಾದಯ್ಯನ ಹೆಸರು ಹಿಡಿದು ಹುಡುಕುವ ಹಾಗಿರಲಿಲ್ಲ. ಆ ಸೀಮೆಯಲ್ಲಿ ಕೇರಿಗೊಬ್ಬ ಪುಟ್ಟಮಾದಯ್ಯ. ಅದಕ್ಕೇ ಪುಟ್ಟಸಿದ್ದಮ್ಮ ಹೆಸರು ಕೇಳಲಿಲ್ಲ, ಎಡೆ ಕೇಳಿದಳು. ಸಂತೆ ಇಲ್ಲದ ದಿನ ನೋಡಿ ಬಸ್ಸು ಹತ್ತುವಳು. ರಂಗಸ್ವಾಮಿ ಜೊತೆಗೆ ಹೊರಟರೆ, "ನಂಗೆ ಫ್ರೀ ಬಸ್ಸು. ನಿಮ್ಮ ಟಿಕೇಟಿನ ದುಡ್ಡಲ್ಲಿ ಒಂದು ಸೇರು ಕಡ್ಲೆ ಬತ್ತದೆ," ಎಂದು ಗೊಣಗುವಳು. ಆದರೂ ಕಿಟಕಿಯ ಸೀಟನ್ನು ಅವನಿಗೇ ಬಿಡುವಳು.

ಉಮ್ಮತ್ತೂರಿನಲ್ಲಿ ಮೂಗಮ್ಮ ಎಂಬ ಹೆಂಗಸು ಜಗಲಿಯಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಇವಳ ಮಾತನ್ನು ಪೂರ್ತಿ ಕೇಳುವ ಮೊದಲೇ ಮುಖ ಗಂಟಿಕ್ಕಿದಳು.

"ನಿಮ್ಮ ಮುತ್ತಾತ ನಮ್ಮ ಮುತ್ತಾತ ಅಂತೀಯಲ್ಲ, ಪಾಲು ಕೇಳಕ್ಕೆ ಬಂದಿದ್ದೀಯೇನವ್ವ? ಇರೋದು ಮುಕ್ಕಾಲು ಎಕ್ರೆ. ಅದ್ಕೇ ಅಣ್ತಮ್ಮಂದ್ರು ಕಿತ್ತಾಡ್ತಾವ್ರೆ. ಬಾ, ನೀನೂ ಸೇರ್ಕೊ."

"ಪಾಲೂ ಬ್ಯಾಡ ಗೀಲೂ ಬ್ಯಾಡ. ಹಿರೀಕರ ಹಬ್ಬದಾಗೆ ಎಡೆ ಎಲ್ಲಿಕ್ತೀರಿ? ಅಷ್ಟೇಳು, ಎದ್ದೋಯ್ತೀನಿ."

ಮೊರ ನಿಂತಿತು.

"ನೊಗದ ಮ್ಯಾಲೆ," ಎಂದಳು ಮೂಗಮ್ಮ, ಏನೋ ಒಪ್ಪಿಕೊಳ್ಳುವವಳ ಹಾಗೆ ಮೆಲ್ಲಗೆ. "ನಮ್ಮತ್ತೆ ಇಕ್ಕೋರು, ನಾನೂ ಇಕ್ತೀನಿ. ಎತ್ತು ಮಾರಿ ಯಾವ ಕಾಲಾಯ್ತೋ, ನೊಗ ಮಾತ್ರ ಮಡಗಿವ್ನಿ. ಯಾಕೆ ಅಂತ ಕೇಳುದ್ರೆ ಯಾರ್ಗೂ ಗೊತ್ತಿಲ್ಲ. ನಿಂಗೆಂಗೆ ಗೊತ್ತು?"

"ಏಳ್ತೀನಿ ಕುಂತ್ಕೊ," ಎಂದಳು ಪುಟ್ಟಸಿದ್ದಮ್ಮ, ಮನೆ ತನ್ನದೇ ಎನ್ನುವ ಹಾಗೆ.

ಹೀಗೆ ಊರಿಂದೂರಿಗೆ. ಕೆಲವರು ಬಾಗಿಲು ತೆರೆಯಲಿಲ್ಲ, ಕೆಲವರು ಟೀ ಕೊಟ್ಟು ನಕ್ಕರು. ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಯಾರಾದರೂ ತಟ್ಟನೆ ಮಾತು ನಿಲ್ಲಿಸಿ, "ನೊಗಕ್ಕೆ," ಎನ್ನುವರು. ಅವಳು ಕೂತು ಪುಟ್ಟಮಾದಯ್ಯನ ಸಂಗತಿ ಹೇಳಿ, ಉಮ್ಮತ್ತೂರಿನ ಮನೆಯ ಗುರುತು ಕೊಟ್ಟು ಎದ್ದು ಬರುವಳು. ಆದರೆ ಅವರಾರೂ ಒಂದು ದಿನಕ್ಕೂ ತೆರಕಣಾಂಬಿಯ ಅವಳ ಮನೆಗೆ ಬರಲಿಲ್ಲ. "ಮುದುಕಿ ಟೀ ಕುಡಿಯಕ್ಕೆ ಬಸ್ಸತ್ತುತ್ತೆ," ಎಂದು ನಂಜುಂಡಪ್ಪ ಊರೆಲ್ಲ ಆಡಿದ.

ವಿಚಿತ್ರವೆಂದರೆ ಅವಳ ಸ್ವಂತ ಮನೆಯಲ್ಲಿ ನೊಗಕ್ಕೆ ಎಡೆ ಇರಲಿಲ್ಲ. ಮದುವೆಯಾದ ವರ್ಷವೇ ಅತ್ತೆ, "ನಿನ್ನ ತೌರ ಪದ್ಧತಿ ನಿನ್ನ ತೌರಿಗೆ," ಅಂದಿದ್ದಳು. ಅತ್ತೆ ಹೋದ ಮೇಲೂ ಪುಟ್ಟಸಿದ್ದಮ್ಮ ಆ ಮಾತು ಮೀರಲಿಲ್ಲ. ಹಬ್ಬದ ದಿನ ಕೊಟ್ಟಿಗೆಯಲ್ಲಿ ನೇತುಹಾಕಿದ್ದ ಹಳೆಯ ನೊಗದ ಧೂಳನ್ನು ಸೆರಗಿನಿಂದ ಒರೆಸಿ ಸುಮ್ಮನೆ ಒಳಗೆ ಬರುವಳು.

*

ಹೋದ ಕಾರ್ತಿಕದಲ್ಲಿ ಇಬ್ಬರೂ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದರು. ಮಂಜು ಎಷ್ಟು ಕವಿದಿತ್ತೆಂದರೆ ಗುಡಿಯ ಗೋಪುರವೇ ಕಾಣುತ್ತಿರಲಿಲ್ಲ. ದರ್ಶನ ಮಾಡಿ ಈಚೆ ಬಂದಾಗ ಗಾಳಿ ಬೀಸಿ ಮಂಜು ಸರಿಯಿತು. ಕೆಳಗೆ ಕಣ್ಣು ಹಾಯುವ ತನಕ ಕಾಡು, ಕಾಡಿನಾಚೆ ಮತ್ತೆ ಕಾಡು. ದೂರದ ಹುಲ್ಲುಬಯಲಿನಲ್ಲಿ ಆನೆಗಳು ಹುಣಿಸೆಬೀಜದಷ್ಟು ಚಿಕ್ಕವಾಗಿ ಕಾಣುತ್ತಿದ್ದವು. ಅಲ್ಲೆಲ್ಲೋ ಒಂದು ಕಲ್ಲು ಕಟ್ಟಿದ ಹಾಳು ಬಾವಿಯಿದೆ ಎಂದು ಬೆಟ್ಟದ ಬಸ್ಸಿನ ಡ್ರೈವರು ಹೇಳಿದ್ದ. ಆ ಕಡೆಗೆ ಯಾರನ್ನೂ ಬಿಡುವುದಿಲ್ಲ.

ಪುಟ್ಟಸಿದ್ದಮ್ಮ ಕಾಡಿನ ಕಡೆಗೆ ಕೈಮುಗಿದು ನಿಂತುಬಿಟ್ಟಳು.

"ಇಷ್ಟು ಕಾಡೊಳಗೆ, ಒಂದೆತ್ತು ಇಟ್ಕೊಂಡು," ಎಂದಳು.

ರಂಗಸ್ವಾಮಿಯೂ ನೋಡಿದ. ಇಷ್ಟು ದಿನ ಹೆಂಡತಿಯ ಬಾಯಲ್ಲಿ ಕೇಳಿದ್ದ ಸಂಗತಿ ಅವತ್ತು ಅವನ ಕಣ್ಣಿಗೆ ಕಂಡಿತು. ಆ ಹಸಿರಿನ ಅಡಿಯಲ್ಲಿ ಎಲ್ಲೋ ಒಬ್ಬ ಮನುಷ್ಯ ಕುತ್ತಿಗೆ ಬಗ್ಗಿಸಿ ಎಳೆದ ಸಾಲುಗಳಿವೆ. ಆ ಸಾಲುಗಳಿಂದ ಎದ್ದು ಬಂದ ಜೀವ ತನ್ನ ಪಕ್ಕದಲ್ಲಿ ನಿಂತಿದೆ.

"ದೇವ್ರಿಗೆ ಬೆನ್ನು ಮಾಡ್ಕೊಂಡು ನಿಂತಿದ್ದೀಯಲ್ಲ ಸಿದ್ದಮ್ಮಿ," ಎಂದ.

"ಅವನೇನೂ ತಪ್ಪು ತಿಳ್ಕೊಳಲ್ಲ. ಅವನೂ ದನ ಕಾಯ್ದೋನೇ."

*

ಹೊತ್ತು ವಾಲಿತು. ತಮಟೆಯವರು ಎರಡನೆಯ ಸಲ ಬೆಂಕಿಗೆ ತಮಟೆ ಕಾಯಿಸಿಕೊಂಡರು. ಶಶಿಕುಮಾರ ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ಅಪ್ಪ, ಜನ ಬೆಳಿಗ್ಗೆಯಿಂದ ಉಪಾಸ ಅವ್ರೆ. ಬರೋರಾಗಿದ್ರೆ ಇಷ್ಟೊತ್ಗೆ ಬತ್ತಿದ್ರು. ಅವ್ವನ ಆಸೆ, ನಂಗೂ ಗೊತ್ತು. ಆದ್ರೆ ಎಲ್ಲೀಗಂಟ?"

ರಂಗಸ್ವಾಮಿ ಹೆಂಡತಿಯ ಮುಖ ನೋಡಿದ. ಬೀದಿಯಲ್ಲಿ ಸಿಕ್ಕಿದವಳ ಹಾಗೆ ಹೋಗುತ್ತಾಳೆ ಎಂಬ ಮಾತು ಅವನ ಕಿವಿಯಲ್ಲಿ ಕೂತಿತ್ತು. ಎದ್ದು ನಿಂತ.

"ಎತ್ತಿ," ಎಂದ. "ಉಟ್ಟ ಸೀರೇಲೇ ಎತ್ತಿ."

ನಾಲ್ಕು ಜನ ಬೆಂಚಿನ ಬಳಿಗೆ ಬಂದು ಬಗ್ಗಿದರು. ಆಗ ಬೀದಿಯ ತಿರುವಿನಲ್ಲಿ ಒಂದು ಗೂಡ್ಸ್ ಆಟೋ ನಿಂತಿತು. ಹಿಂಬದಿಯಿಂದ ಮೂಗಮ್ಮ ಇಳಿದಳು. ಕೈಯಲ್ಲಿ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಹಸಿರು ಸೀರೆ, ಅರಿಶಿನ, ಕುಂಕುಮ, ವೀಳ್ಯದೆಲೆ. ಅವಳ ಹಿಂದೆ ಹೆಂಗಸರು ಗಂಡಸರು ಇಳಿಯುತ್ತಲೇ ಇದ್ದರು.

ನಂಜುಂಡಪ್ಪ ಅಡ್ಡ ಬಂದ. "ಯಾರಮ್ಮ ನೀವು?"

"ತೌರೋರು."

"ಸಿದ್ದಮ್ಮಂಗೆ ತೌರೆಲ್ಲಿತ್ತು?"

"ನೊಗಕ್ಕೆ ಎಡೆ ಇಕ್ಕೋ ಮನೆ ಎಲ್ಲ ಅವಳ ತೌರೇಯ. ದಾರಿ ಬುಡಣ್ಣ."

ನಂಜುಂಡಪ್ಪ ದಾರಿ ಬಿಟ್ಟ. ಮೂಗಮ್ಮ ಬೆಂಚಿನ ಬಳಿ ನಿಂತು ಒಂದು ಗಳಿಗೆ ನೋಡಿದಳು.

"ನಮ್ಮನೇಗೆ ಬಂದು ನನಗೇ ಕುಂತ್ಕೊ ಅಂದೆ ನೀನು. ನಿನ್ನ ಮನೇಗೆ ನಾನು ಬಂದ್ರೆ ಎದ್ದು ಬಾ ಅನ್ನದೆ ಮಲಗಿದ್ದೀಯಲ್ಲ ನಾದ್ನಿ," ಎಂದು ಸೀರೆ ಬಿಡಿಸಿ ಹೊದಿಸಿದಳು. ಆಮೇಲೆ ರಂಗಸ್ವಾಮಿಯ ಕಡೆ ತಿರುಗಿದಳು. "ಫೋನಾಗೆ ಅಳು ಬಂತು ಕಣಣ್ಣ, ಕಟ್ ಮಾಡ್ಬುಟ್ಟೆ. ಆಮ್ಯಾಕೆ ನೊಗದೋರ ಮನೆ ಮನೇಗೂ ಮುಟ್ಟಿಸ್ಕೊಂಡು ಬರೋಷ್ಟ್ರಲ್ಲಿ ಒತ್ತಾಯ್ತು. ಎಲ್ಲಾರ್ಗೂ ನಮ್ಮನೆ ಗುರುತೇಳಿ ಓಗಿದ್ಲು ನೋಡು, ಹಬ್ಬದ ದಿನ ಒಬ್ಬೊಬ್ರೇ ಹುಡುಕ್ಕೊಂಡು ಬರಕ್ಕೆ ಶುರು ಮಾಡಿದ್ರು."

ಉಡಿಗಾಲದ ನೊಗದ ಮನೆಯವರು ಒಂದು ಸೀರೆ ಹೊದಿಸಿದರು. ಚಾಮರಾಜನಗರದಿಂದ ಬಸ್ಸಿನಲ್ಲಿ ಬಂದವರು ಒಂದು. ಗಡಿಯಾಚೆಯ ತಾಳವಾಡಿಯಿಂದ ಬಂದ ಮುದುಕನೊಬ್ಬ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಬೆಳ್ಳಗಿದ್ದ ಹುಬ್ಬಿನ ಕೆಳಗೆ ಅವನ ಕಣ್ಣು ಪುಟ್ಟಸಿದ್ದಮ್ಮನ ಕಣ್ಣಿನಂತೆಯೇ ಇತ್ತು. ಬಂದವರಿಗೆ ಒಬ್ಬರಿಗೊಬ್ಬರ ಪರಿಚಯವಿರಲಿಲ್ಲ. "ನೀವೂ ನೊಗದೋರಾ?" ಎಂದು ಕೇಳುತ್ತ, ಹೌದೆಂದವರ ಕೈ ಹಿಡಿಯುತ್ತ ಅಂಗಳದಲ್ಲಿ ಅವರು ಬೆರೆಯುತ್ತಿದ್ದರು. ಸೊಸೆ ಮಂಗಳಗೌರಿ ಅತ್ತೆಯ ಮುಖ ಮುಚ್ಚಿಹೋಗದಂತೆ ಒಂದೊಂದೇ ಸೀರೆಯ ಅಂಚನ್ನು ಹಿಂದಕ್ಕೆ ಮಡಿಸುತ್ತಿದ್ದಳು. ರಂಗಸ್ವಾಮಿ ಮೊದಲು ಎಣಿಸಿದ. ಆಮೇಲೆ ಎಣಿಸುವುದನ್ನು ಬಿಟ್ಟು ಕೈಮುಗಿದು ನಿಂತ. ಬೆಟ್ಟದ ಮೇಲೆ ಮಂಜು ಸರಿದಾಗ ಕಂಡದ್ದು ಕಾಡು. ಈಗ ಕಾಣುತ್ತಿರುವುದು ಅದರಡಿಯ ಹೊಲ ಎನ್ನಿಸಿತು ಅವನಿಗೆ.

"ಲೋ ರಂಗಸ್ವಾಮಿ," ಎಂದ ನಂಜುಂಡಪ್ಪ ಪಕ್ಕಕ್ಕೆ ಬಂದು. "ನನ್ನ ತಾಯಿ ಮಣ್ಣಿಗೂ ಇಷ್ಟು ತೌರು ಬಂದಿರ್ನಿಲ್ಲ ಕಣ್ಲಾ."

ಹೊತ್ತು ಮುಳುಗುವ ಮೊದಲೇ ಮಣ್ಣಾಯಿತು. ಗುಳಿ ತುಂಬಲು ಸಲಿಕೆ ಬೇಕಾಗಲಿಲ್ಲ. ಹಿಡಿಮಣ್ಣು ಹಾಕುವ ಕೈಗಳೇ ಸಾಲಾಗಿ ಬಂದು ಅದನ್ನು ತುಂಬಿದವು.

ಮನೆಗೆ ಬಂದು ಸ್ನಾನ ಮಾಡಿದ ಮೇಲೆ ಮಂಗಳಗೌರಿ ಹಚ್ಚಿದ ಹಣತೆ ಹಿಡಿದು ಜಗಲಿಗೆ ಬಂದಳು. ಜೀವ ಹೋದ ಜಾಗದಲ್ಲಿ ದೀಪ ಇಡಬೇಕು.

"ಕಂಬದ ತಾವು ನೆಲದ ಮ್ಯಾಲೇ ಇಡ್ಲಾ ಮಾವ?"

"ತಡಿಯವ್ವ," ಎಂದು ರಂಗಸ್ವಾಮಿ ಕೊಟ್ಟಿಗೆಗೆ ಹೋದ. ನೇತುಹಾಕಿದ್ದ ನೊಗವನ್ನು ಇಳಿಸಿ ಹೆಗಲ ಮೇಲೆ ಹೊತ್ತು ತಂದ. ಶಶಿಕುಮಾರ ಓಡಿ ಬಂದು ಇನ್ನೊಂದು ತುದಿಯನ್ನು ಹಿಡಿದ. ಇಬ್ಬರೂ ಅದನ್ನು ಕಂಬದ ಬುಡದಲ್ಲಿ ಇಳಿಸಿದರು. ಮರದ ಮೇಲೆ ಒಂದಿಷ್ಟೂ ಧೂಳಿರಲಿಲ್ಲ.

ನೊಗದ ಒಂದು ಮಗ್ಗುಲಿಗೆ ದೀಪ ಇಟ್ಟರು. ಇನ್ನೊಂದು ಮಗ್ಗುಲಿಗೆ ರಂಗಸ್ವಾಮಿ ಬಾಳೆಲೆಯ ತುಂಡು ಹಾಸಿ ಒಂದು ಹಿಡಿ ಅನ್ನ ಬಡಿಸಿದ. ಬೆಳಿಗ್ಗೆ ತೊಟ್ಟಿದ್ದ ಅಂಗಿಯ ಜೇಬಿನಲ್ಲಿ ಉಳಿದಿದ್ದ ಹುಲ್ಲುಕಡ್ಡಿಯನ್ನು ತೆಗೆದು ತಂದು ಅನ್ನದ ಪಕ್ಕದಲ್ಲಿ ಇಟ್ಟ. ಜಗಲಿಯ ಕೆಳಗೆ ತವರಿನವರು ಮಾತು ನಿಲ್ಲಿಸಿ ಎದ್ದು ನಿಂತರು. ಅವನು ಬೆಟ್ಟವಿರುವ ದಿಕ್ಕಿಗೆ ತಿರುಗಿ ಕಣ್ಣು ಮುಚ್ಚಿದ.

"ಗೋಪಾಲಸ್ವಾಮಿ, ಊರೂರು ತಿರುಗಿ ದಣಿದ ಜೀವ ಇದು. ಇನ್ನು ಎಲ್ಲಿಗೂ ಅಲೆಸಬೇಡ ತಂದೆ. ಅವಳ ಮುತ್ತಾತ ಉತ್ತ ಹೊಲದ ಬದುವಿನಲ್ಲಿ, ಆ ಎತ್ತಿನ ನೆರಳಿನಲ್ಲಿ, ನಿನ್ನ ಪಾದದ ಬುಡದಲ್ಲಿ ಅವಳನ್ನು ಕೂರಿಸಿಕೋ. ಅವಳ ಆತ್ಮ ತಣ್ಣಗಿರಲಿ."