ಗ್ರಾಸಿಯಾಸ್ ಅನ್ನಬೇಡ

ಗ್ರಿಸೆಲ್ಡಾಳ ಗಂಟಲಲ್ಲಿ ಆ ಒಂದು ಪದ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಗ್ರಾಸಿಯಾಸ್. ಥ್ಯಾಂಕ್ಸ್ ಎಂದಷ್ಟೇ ಅದರ ಅರ್ಥ. ಆದರೆ ಅವಳ ಊರಾದ ರೊಸಾರಿಯೊದಲ್ಲಿ ಎಲ್ಲರೂ ಒಂದೇ ಸೋರೆಬುರುಡೆಯಿಂದ ಸರದಿಯಂತೆ ಮಾಟೆ ಎಲೆಯ ಕಷಾಯ ಹೀರುತ್ತಾರೆ; ಹೀರಿದವರು ಬುರುಡೆ ಹಿಂದಿರುಗಿಸುವಾಗ ಹಾಗೆಂದರೆ, ಸಾಕು, ನನಗಿನ್ನು ಹಾಕಬೇಡ ಎಂದಂತೆ. ಇನ್ನೂ ಬೇಕಾದವರು ತುಟಿಪಿಟಕ್ಕೆನ್ನದೆ ಬುರುಡೆ ಕೊಡುತ್ತಾರೆ.

ಒಂದು ಸೇತುವೆಯನ್ನು ನೋಡಿಕೊಳ್ಳುವುದು ಅವಳ ಕೆಲಸ; ಕಂಪ್ಯೂಟರಿನೊಳಗಿನ ಸೇತುವೆ. ಊರಿನಲ್ಲಿ ಬಂದೊನಿಯೋನ್ ಎಂಬ ತಿದಿವಾದ್ಯ ನುಡಿಸುವವರು ತಮ್ಮ ರಾಗಗಳನ್ನು ಕಾಪಿಡಲೆಂದೇ ಪುಟ್ಟ ಬ್ಲಾಕ್‌ಚೈನ್ ಒಂದನ್ನು, ಎಲ್ಲರೂ ಓದಬಹುದಾದ ಡಿಜಿಟಲ್ ದಾಖಲೆಯ ಸರಪಳಿಯನ್ನು, ಕಟ್ಟಿಕೊಂಡಿದ್ದರು. ದೇಶದೇಶಕ್ಕೆ ಚದುರಿಹೋದ ವೆನೆಜುವೆಲಾದ ಹಾರ್ಪ್ ವಾದಕರದು ಇನ್ನೊಂದು. ಅವರವರ ಪಾಡಿಗೆ ಅವರವರ ಸರಪಳಿ, ರಾಗಗಳು ಹೋಗಿ ಬರಲು ನಡುವೆ ಈ ಸೇತುವೆ. ಬಹಳ ದಿನ ಏನೂ ದಾಟದಿದ್ದರೆ ಅದು ತಾನಾಗಿಯೇ ಮುಚ್ಚಿಹೋಗುತ್ತದೆ. ಹಾಗಾಗದಿರಲೆಂದು ಗ್ರಿಸೆಲ್ಡಾ 'ಬುರುಡೆ' ಎಂಬ ಡಿಜಿಟಲ್ ಟೋಕನ್ ಮಾಡಿ ದಿನಾ ಬೆಳಿಗ್ಗೆ ಆಚೆಗೆ ಕಳಿಸುತ್ತಿದ್ದಳು. ಆಚೆ ತುದಿಯನ್ನು ನೋಡಿಕೊಳ್ಳುವ, ವೆನೆಜುವೆಲಾದ ಬಾರ್ಕಿಸಿಮೆತೊ ಊರಿನ ಎವುದೊಮಾರ್ ಅದರ ಜೊತೆ ಒಂದು ಸಾಲು ಬರೆದು ಹಿಂದಿರುಗಿಸುತ್ತಿದ್ದ: ಕರೆಂಟ್ ಹೋಯಿತು, ಕರೆಂಟ್ ಬಂತು, ಮಾವು ಹಣ್ಣಾಯಿತು. ಮುಖವನ್ನೇ ನೋಡದ ಆ ಮನುಷ್ಯನ ಸಾಲಿಗಾಗಿ ಅವಳು ಯಾವಾಗ ಬೆಳಗಾದೀತೋ ಎಂದು ಹಂಬಲಿಸತೊಡಗಿದಳು.

ಒಮ್ಮೆ ಬುರುಡೆಯ ಜೊತೆ ಬರೀ ಗ್ರಾಸಿಯಾಸ್ ಎಂಬ ಆ ಪದ ಬಂತು. ಅಂದಿನಿಂದ ಇವಳು ಬುರುಡೆ ಕಳಿಸಲಿಲ್ಲ.

ಬಂದೊನಿಯೋನ್ ನುಡಿಸುವ ಗೆಳತಿ ಮಿರ್ತಾ ಬಂದು ಕೇಳಿದಳು: "ಏನೇ, ಸೇತುವೆ ನಾಳೆ ಮುಚ್ಚತ್ತಂತೆ? ಆಮೇಲೆ ತೆರೆಸೋಕೆ ಎರಡೂ ಕಡೆಯೋರು ಮತ ಹಾಕ್ಬೇಕು. ನಮ್ಮೋರು ಯಾವತ್ತು ಒಂದು ಮಾತಿಗೆ ಒಪ್ಪಿದಾರೆ?"

"ಅವನಿಗೇ ಸಾಕಾಗಿದೆ. ನಾನ್ಯಾಕೆ ಮೇಲೆ ಬಿದ್ದು ಹೋಗ್ಲಿ?"

"ಸಾಕು ಅಂದ್ನಾ?"

"ಗ್ರಾಸಿಯಾಸ್ ಅಂದ."

ಮಿರ್ತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಪೆದ್ದಿ, ಅವರು ಕಾಫಿ ಕುಡಿಯೋ ಜನ ಕಣೇ. ನಮ್ಮ ಬುರುಡೆ ಶಾಸ್ತ್ರ ಅವನಿಗೇನು ಗೊತ್ತು? ಪಾಪ, ಮರ್ಯಾದೆಗೆ ಅಂದಿರ್ತಾನೆ. ನೀನು ಮೂತಿ ಊದಿಸ್ಕೊಂಡು ಕೂತಿದೀಯ."

ಗ್ರಿಸೆಲ್ಡಾಳ ಕಿವಿ ಬಿಸಿಯಾಯಿತು. ಕೂಡಲೇ ಬುರುಡೆ ಕಳಿಸಿದಳು. ಜೊತೆಗೆ ಬರೆದಳು: "ನಮ್ಮಲ್ಲಿ ಗ್ರಾಸಿಯಾಸ್ ಅಂದ್ರೆ ಸಾಕು ಅಂತ. ಇನ್ನೂ ಬೇಕಿದ್ರೆ ಏನೂ ಅನ್ಬೇಡ." ಸರಪಳಿಯ ಮೇಲೆ ಒಮ್ಮೆ ಬರೆದದ್ದನ್ನು ಅಳಿಸುವಂತಿಲ್ಲ. ಎಲ್ಲರೂ ಓದಿಕೊಳ್ಳಲಿ, ಹಾಳಾಗಿ ಹೋಗಲಿ ಎಂದುಕೊಂಡಳು.

ಮಧ್ಯಾಹ್ನ ಕಳೆಯಿತು. ಅಲ್ಲಿ ಕರೆಂಟ್ ಇದೆಯೋ ಇಲ್ಲವೋ, ಅವನಾದರೂ ಇದ್ದಾನೋ ಇಲ್ಲವೋ. ಅವಳಿಗೆ ಊಟವೂ ಸೇರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಬುರುಡೆ ಹಿಂದಿರುಗಿತು.

"ಏನು ಬರೆದಿದಾನೆ?" ಮಿರ್ತಾ ಇಣುಕಿದಳು.

"ಏನೂ ಬರೆದಿಲ್ಲ," ಎಂದಳು ಗ್ರಿಸೆಲ್ಡಾ. ಕಣ್ಣೊರೆಸಿಕೊಂಡು ಮಾಟೆಗೆ ನೀರು ಕಾಯಿಸಲು ಎದ್ದಳು.