ಆರು ಹಲ್ಲಿನ ಪಂದ್ಯ

ಚಿಕ್ಕಪ್ಪ ಚೆನ್ನಕೇಶವನ್ ಅಪ್ಪನ ಕುಂಚವನ್ನು ಚಟ್ಟದ ಮೇಲಿಡಲು ಬಗ್ಗಿದಾಗ ನಿತ್ಯಾ ಅವರ ಕೈ ಹಿಡಿದುಕೊಂಡಳು.

"ಸ್ವಲ್ಪ ಇರಿ ಚಿಕ್ಕಪ್ಪಾ. ರುಕ್ಮಣಿ ಅಕ್ಕ ಬರಲಿ."

"ನೇರಂ ಆಯ್ತು, ಹೊತ್ತು ಮೀರ್ತಿದೆ ಕಣ್ಣೂ. ಸೋತರೆ ಕುಂಚಾನೂ ನನ್ನ ಜೊತೇಲೇ ಸುಡಿ ಅಂತ ನಿಮ್ಮಪ್ಪ ತಾನೇ ಹೇಳಿದ್ದು?"

"ಸೋತರೆ ತಾನೇ? ಸೋತರೋ ಗೆದ್ದರೋ ಯಾರಿಗೆ ಗೊತ್ತು!"

ಪಕ್ಕದ ಮನೆಯ ಪಳನಿಯಮ್ಮಾಳ್ ಮೂಗು ಮುರಿದಳು. "ಹೆಣದ ಮುಂದೂ ಪಂದ್ಯವಾ! ಅಪ್ಪನಿಗೆ ತಕ್ಕ ಮಗಳು."

ನಿತ್ಯಾಳ ಕಣ್ಣು ಬಾಗಿಲು ಬಿಟ್ಟು ಕದಲಲಿಲ್ಲ.

*

ಎರಡು ವರ್ಷದ ಹಿಂದೆ ಸ್ಕೂಟಿಯಿಂದ ಬಿದ್ದು ಹಲ್ಲು ಮುರಿದುಕೊಂಡಿದ್ದ ರುಕ್ಮಣಿಯ ಆರು ಮುಂದಿನ ಹಲ್ಲುಗಳಿಗೆ ತೆಳು ಪಿಂಗಾಣಿ ಹೊದಿಕೆ ಮಾಡಿಕೊಡಿ ಎಂದು ಸೂಲೂರಿನ ಡಾಕ್ಟರು ಕೇಳಿದ್ದರು. ಹಲ್ಲು ಮಾಡುವ ಮನೆಯ ಲ್ಯಾಬಿನಲ್ಲಿ ಅಪ್ಪ-ಮಗಳು ಯಾರ ಕೆಲಸ ಮೇಲೆಂದು ಪಂದ್ಯ ಕಟ್ಟಿ ಎದುರುಬದುರು ಕೂತರು. ನಿತ್ಯಾಳ ಕಂಪ್ಯೂಟರು ಹಲ್ಲಿನ ಚಿತ್ರ ಬಿಡಿಸಿತು, ಮಿಷನ್ ಅರ್ಧ ದಿನದಲ್ಲಿ ಕೊರೆದು ಮುಗಿಸಿತು. ಅಪ್ಪ ಲಿಂಗಪ್ಪನ್ ಅಚ್ಚಿಗೆ ಗಾರೆ ಸುರಿದು, ಮೇಣ ತಿದ್ದಿ, ಪಿಂಗಾಣಿ ಪುಡಿಯನ್ನು ಪದರ ಪದರವಾಗಿ ಹಚ್ಚುತ್ತ ನಾಲ್ಕು ದಿನ ಕೂತರು. ಪ್ರತಿ ಸಲವೂ ಕುಂಚವನ್ನು ತುಟಿಗಳ ನಡುವೆ ಎಳೆದು ಮೊನೆ ಮಾಡಿಕೊಳ್ಳುತ್ತಿದ್ದರು.

"ನಿನ್ನ ಮಿಷನ್ ಎಡ ಬಲ ಎರಡೂ ಒಂದೇ ಥರ ಕೊರೀತದೆ. ಸಾಮಿ ಹಂಗಾ ಮಾಡವ್ನೆ?" ಎನ್ನುತ್ತ ಎಡಗಡೆಯ ಎರಡನೇ ಹಲ್ಲನ್ನು ಎಳ್ಳಷ್ಟು ಓರೆ ಮಾಡಿದರು.

"ಅಳತೆ ಮುಖ್ಯ ಅಪ್ಪಾ. ಕನ್ನಡೀಲಿ ನೋಡಿ ಅಕ್ಕಾನೇ ಆರಿಸಲಿ."

ಯಾರದು ಯಾವುದೆಂದು ಬರೆಯದೆ ಎರಡೂ ಡಬ್ಬಿಗಳನ್ನು ಕಳಿಸಿದರು. ಹಲ್ಲು ಕೂರಿಸುವುದು ಇಂದು ಬೆಳಿಗ್ಗೆ ಎಂದಾಗಿತ್ತು. ನಿನ್ನೆ ಸಂಜೆ ಅಪ್ಪ ಕುರ್ಚಿಯಲ್ಲೇ ಎದೆ ಹಿಡಿದುಕೊಂಡರು. ಗೆದ್ದೇ ತೀರುವೆನೆಂದಿದ್ದವಳು ಆಗಿನಿಂದ ತಾನು ಸೋಲಲೆಂದು ದೇವರಿಗೆ ಹರಕೆ ಹೊರುತ್ತಿದ್ದಳು.

*

ಆಟೋ ನಿಂತಿತು. ರುಕ್ಮಣಿ ಇಳಿದಳು, ಎರಡು ವರ್ಷದ ರೂಢಿಯಂತೆ ಸೆರಗು ಬಾಯಿಗೆ ಒತ್ತಿಕೊಂಡೇ. ನಿತ್ಯಾ ಎದ್ದು ನಿಂತಳು. ಸಾವಿನ ಮನೆಯಲ್ಲಿ ಹಲ್ಲು ತೋರಿಸು ಅನ್ನುವುದು ಹೇಗೆ?

ರುಕ್ಮಣಿ ಹೆಣ ನೋಡಿದವಳೇ ಸೆರಗು ಬಿಟ್ಟು ಎದೆ ಬಡಿದುಕೊಂಡಳು.

"ಅಣ್ಣೋ! ನಿಮಗೆ ತೋರಿಸಬೇಕು ಅಂತ ಇದ್ನಲ್ಲಣ್ಣೋ!"

ಅಳುವ ಬಾಯಿ ಅಗಲವಾಗಿ ತೆರೆದಿತ್ತು. ನಿತ್ಯಾ ಅದರೊಳಗೇ ಹೋಗುವವಳಂತೆ ಬಗ್ಗಿದಳು. ಎಡಗಡೆ. ಎರಡನೇ ಹಲ್ಲು. ಎಳ್ಳಷ್ಟು ಓರೆ.

"ಅಪ್ಪ ಗೆದ್ದರು! ಚಿಕ್ಕಪ್ಪಾ, ಕೊಡಿ ಇಲ್ಲಿ!"

ಹೆಂಗಸರ ಅಳು ಗಕ್ಕನೆ ನಿಂತಿತು. "ಮಗೂಗೆ ತಲೆ ಕೆಟ್ಟೋಯ್ತು," ಎಂದಳು ಪಳನಿಯಮ್ಮಾಳ್. ನಿತ್ಯಾ ಕುಂಚ ಕಸಿದುಕೊಂಡಳು. ಒಣಗಿ ಕೆದರಿದ್ದ ಅದರ ಕೂದಲನ್ನು ತುಟಿಗಳ ನಡುವೆ ಇಟ್ಟು ಮೆಲ್ಲಗೆ ಎಳೆದಳು. ಮೊನೆ ಸೂಜಿಯಂತೆ ಕೂಡಿಬಂತು.